ನೀಲಿ ಟೇಪಿನ ಕಿಟಕಿ

ಎಳೆಗೂಸಿನ ಅಂಗಿಗೆ ತೋಳು ಕೂಡಿಸುತ್ತಿದ್ದಾಗ ಹುಳುವೊಂದು ಸೂಜಿಯ ಪಕ್ಕಕ್ಕೇ ಬಂದು ನಿಂತಿತು. ಅವಳು ಮಷೀನಿನ ಪೆಡಲಿನಿಂದ ಕಾಲು ತೆಗೆದಳು. ಬಟ್ಟೆ ಜಗ್ಗಲಿಲ್ಲ, ಊದಲೂ ಇಲ್ಲ. ಕೈಗೆಟುಕುವಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಸೋಪಿನ ನೀರಿನ ಬಟ್ಟಲನ್ನು ಬಟ್ಟೆಯ ಅಂಚಿಗೆ ಹಿಡಿದು, ಗುಂಡಿ ಡಬ್ಬಿಯ ಮುಚ್ಚಳದಿಂದ ಅದರ ಬೆನ್ನನ್ನು ಮುಟ್ಟಿಯೂ ಮುಟ್ಟದಂತೆ ತಾಗಿಸಿದಳು. ಅಷ್ಟಕ್ಕೇ ಅದು ಕಾಲು ಮುದುರಿ, ಸತ್ತಂತೆ ನಟಿಸುತ್ತ ಕೆಳಗುರುಳಿತು. ಅಪಾಯ ಬಂದಾಗ ಹಾಗೆ ಉರುಳುವುದು ಅದರ ಜಾಣತನ. ಕೆಳಗೆ ಬಟ್ಟಲಿದ್ದದ್ದು ಅದಕ್ಕೆ ತಿಳಿಯದು.

"ಬಂದ್ರೇನೇ ನಿನ್ನ ನೆಂಟರು?" ಮಷೀನಿನ ಸದ್ದು ನಿಂತದ್ದು ಕೇಳಿ ಗಂಡ ಪಕ್ಕದ ಕೋಣೆಯಿಂದ ಕೂಗಿದ.

"ನಮ್ಮ ಕಡೆಯವ್ರಲ್ಲರೀ. ಬಂದ್ಮೇಲೆ ಹೋಗೋ ಮಾತೇ ಆಡಲ್ಲ ಅಂದ್ರೆ ನಿಮ್ಮ ಕಡೆಯವ್ರೇ ಇರ್ಬೇಕು."

ಅವನು ನಕ್ಕ. ಈಚೆಗೆ ಅವರಿಬ್ಬರೂ ನಗುತ್ತಿದ್ದುದು ಈ ಹುಳುಗಳ ವಿಷಯಕ್ಕೆ ಮಾತ್ರ.

ಚಳಿ ಹುಟ್ಟುವ ಹೊತ್ತಿಗೆ, ಹಿತ್ತಲಾಚೆಯ ಪಾಳು ಜಾಗದಿಂದ ಅವು ಬಂದಿದ್ದವು. ಕಂದು ಬಣ್ಣ, ಗುರಾಣಿಯಂಥ ಬೆನ್ನು, ಯಾರಿಗೂ ಹೆದರದ ನಿಧಾನ ನಡಿಗೆ. ಕಚ್ಚುವುದಿಲ್ಲ, ಕೊರೆಯುವುದಿಲ್ಲ. ಆದರೆ ಜಜ್ಜಿದರೆ, ಹೆದರಿಸಿದರೆ, ಹಸಿ ಸೊಪ್ಪನ್ನು ಸೀಮೆಎಣ್ಣೆಯಲ್ಲಿ ಅರೆದಂಥ ನಾತ. ಅದು ಪರದೆಗೆ ಅಂಟುತ್ತಿತ್ತು, ಹಾಸಿಗೆಗೆ ಅಂಟುತ್ತಿತ್ತು. ಮೊದಮೊದಲು ಗಂಡ ಕಂಡಕಂಡಲ್ಲಿ ಚಪ್ಪಲಿಯಿಂದ ಹೊಡೆಯುತ್ತಿದ್ದ.

"ಜಜ್ಜಬೇಡ್ರೀ ಅಂತ ಎಷ್ಟು ಸಲ ಹೇಳ್ಲಿ? ಮನೆಯೆಲ್ಲ ಗಬ್ಬು."

"ನಂಗೇನೂ ಬರ್ತಿಲ್ವಲ್ಲೇ."

ಬರುವುದಾದರೂ ಹೇಗೆ? ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಇಡೀ ಹರೆಯ ಕಳೆದವನು. ಥಿನ್ನರಿನ ಹೊಗೆ ಅವನ ಮೂಗನ್ನು ಯಾವತ್ತೋ ತಿಂದುಹಾಕಿತ್ತು. ಹಾಲು ಕೆಟ್ಟಿದೆಯೇ, ಗ್ಯಾಸು ಸೋರುತ್ತಿದೆಯೇ, ಎಲ್ಲವನ್ನೂ ಅವಳೇ ನೋಡಿ ಹೇಳಬೇಕು. "ಈ ಮನೆಗೆ ಇರೋದು ಒಂದೇ ಮೂಗು" ಎಂದು ಅವನೇ ತಮಾಷೆ ಮಾಡುತ್ತಿದ್ದ.

ಶೆಡ್ಡು ಮುಚ್ಚಿದ ಮೇಲೆ ಅವನು ಮನೆಯಲ್ಲಿ ಕೂತ. ಕೂತವನು ಕೂತೇ ಇದ್ದ. ಒಂದು ಬಲ್ಬು ಬದಲಿಸಲೂ ಏಳದವನು ಒಂದು ಬೆಳಿಗ್ಗೆ ಹುಳು ತನ್ನ ಕಾಫಿ ಲೋಟಕ್ಕೇ ಬಿದ್ದದ್ದನ್ನು ಕಂಡು ಎದ್ದು ನಿಂತ. "ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ" ಎಂದು ಅಟ್ಟದಿಂದ ನೀಲಿ ಟೇಪಿನ ಸುರುಳಿಗಳನ್ನು ಇಳಿಸಿದ. ಬಣ್ಣ ಹೊಡೆಯುವಾಗ ಕಾರಿನ ಗಾಜಿಗೆ ಬಣ್ಣ ತಾಗದಂತೆ ಹಚ್ಚುವ ಟೇಪು ಅದು. ಪ್ರತಿ ಕಿಟಕಿಯ ಅಂಚಿಗೂ ಎಳೆದು, ಹೆಬ್ಬೆರಳಿನ ಉಗುರಿನಿಂದ ಉಜ್ಜಿ, ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದ. ಅವಳು ಸ್ಟೂಲು ಹಿಡಿದು ನಿಂತಿದ್ದಳು. ಅವನು ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಕೇಳಿ ಎಷ್ಟು ಕಾಲವಾಗಿತ್ತೋ!

ಹೊರಗಿನವು ಬಾರದಂತೆ ಮುಚ್ಚಿದ್ದೇನೋ ಸರಿ. ಆದರೆ ಅಷ್ಟರಲ್ಲಾಗಲೇ ಅವು ಚೌಕಟ್ಟಿನ ಹಿಂದೆ, ಗೋಡೆಯ ಬಿರುಕುಗಳಲ್ಲಿ, ಚಾವಣಿಯ ಹಲಗೆಗಳ ಮೇಲೆ ಚಳಿಗಾಲಕ್ಕೆ ಬಿಡಾರ ಹೂಡಿಯಾಗಿತ್ತು. ಈಗ ಹೊರಗೆ ಹೋಗುವ ದಾರಿಯೂ ಇಲ್ಲವಾಗಿ, ದೀಪದ ಬುಡದಿಂದ, ಸ್ವಿಚ್ಚಿನ ಸಂದಿಯಿಂದ ಒಂದೊಂದಾಗಿ ಕೋಣೆಗೆ ಇಳಿಯತೊಡಗಿದವು. ಅವಳಿಗೆ ಬೇಗನೆ ಗೊತ್ತಾಯಿತು. ಹೇಳಲು ಮಾತ್ರ ಬಾಯಿ ಬರಲಿಲ್ಲ. ಅವನು ದಿನವೂ ಕಾಫಿ ಹಿಡಿದು ಕಿಟಕಿಯಿಂದ ಕಿಟಕಿಗೆ ನಡೆದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ.

ಆ ದಿನ ಮಧ್ಯಾಹ್ನ ಅವಳು ಹೊಲಿದ ಅಂಗಿಗಳನ್ನು ಗಂಟು ಕಟ್ಟಿಕೊಂಡು ಮಕ್ಕಳ ಬಟ್ಟೆಯಂಗಡಿಗೆ ಹೋದಳು. ಬೀದಿಯಲ್ಲಿ ಅವಳು ಪೇಂಟರ್ ಹೆಂಡತಿ. ಅಂಗಡಿಯಲ್ಲಿ ಮಾತ್ರ 'ಪುಟ್ಟಂಗಿ ಅಕ್ಕ'. ಒಳಗಡೆ ಹೊಲಿಗೆಯ ಅಂಚು ಎಳೆಚರ್ಮಕ್ಕೆ ತಾಗದ ಹಾಗೆ ಹೊಲಿಯುವ ಕೈ ಅವಳದು. ಬಸುರಿಯರು ಅವಳ ಅಂಗಿಯನ್ನೇ ಕೇಳಿ ಪಡೆಯುತ್ತಿದ್ದರು. ಪ್ರತಿ ಅಂಗಿಯನ್ನೂ ಒಗೆದು, ಇಸ್ತ್ರಿ ಮಾಡಿ, ಮಡಚುವ ಮುಂಚೆ ಒಮ್ಮೆ ಮೂಗಿಗೆ ಹಿಡಿದು ನೋಡುವುದು ಅವಳ ಪದ್ಧತಿ. ಇವತ್ತೂ ನೋಡಿದ್ದಳು. ಏನೂ ಇರಲಿಲ್ಲ.

ಅಂಗಡಿಯಾಕೆ ಗಂಟು ಬಿಚ್ಚಿದಳು. ಮೇಲಿನ ಅಂಗಿಯನ್ನು ಕೈಗೆತ್ತಿಕೊಂಡವಳು ತಲೆ ಸ್ವಲ್ಪ ಹಿಂದಕ್ಕೆಳೆದಳು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ... ಹೋದ್ ಸಲದ್ದೂ ಒಂದೆರಡು ವಾಪಸ್ ಬಂತು. ನಾನೇ ನಿಮಗೆ ಹೇಳ್ಲಿಲ್ಲ."

"ಹೊಲಿಗೆ ಬಿಟ್ಕೊಂಡಿತ್ತಾ?"

"ಹೊಲಿಗೆಗೆ ಯಾರೇನಂತಾರೆ! ವಾಸನೆ ಅಕ್ಕ."

"ಯಾವ ವಾಸನೆ?" ಅವಳು ಅಂಗಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಮೂಗಿಗೆ ಒತ್ತಿದಳು. ಇಸ್ತ್ರಿಯ ಬಿಸುಪು, ಸೋಪು. ಇನ್ನೊಂದು ಅಂಗಿ ಹಿಡಿದಳು. ಅದೂ ಹಾಗೇ. "ಇಲ್ವಲ್ಲಮ್ಮಾ, ನೀನೇ ನೋಡು."

ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ತಾಯಿಯ ಜೊತೆ ಒಳಗೆ ಬಂದಳು. ಗಲ್ಲಾದ ಮೇಲಿದ್ದ ಅಂಗಿಯನ್ನು ಕಂಡು, "ಅಯ್ಯೋ, ಎಷ್ಟು ಚಿಕ್ಕದಮ್ಮಾ!" ಎಂದು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಒತ್ತಿಕೊಂಡವಳು ಮುಖ ಕಿವುಚಿದಳು. ಅಂಗಿಯನ್ನು ಎರಡು ಬೆರಳಿನಲ್ಲಿ ಹಿಡಿದು ಇದ್ದಲ್ಲೇ ಇಟ್ಟಳು.

"ಕಿಟಕಿ ಗಿಟಕಿ ಸ್ವಲ್ಪ ತೆಗೆದಿಡಿ ಅಕ್ಕ" ಎಂದಳು ಅಂಗಡಿಯಾಕೆ, ಗಂಟನ್ನು ಮತ್ತೆ ಕಟ್ಟುತ್ತ. "ಗಾಳಿಯಾಡಿದ್ರೆ ಸರಿಹೋಗುತ್ತೆ. ಆಮೇಲೆ ತಂದುಕೊಡಿ. ಅವಸರ ಏನಿಲ್ಲ."

ದಾರಿಯುದ್ದಕ್ಕೂ ಅವಳು ತನ್ನ ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ಹಿಡಿದು ನೋಡಿದಳು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಮಷೀನಿನ ಕೋಣೆಯ ಕಿಟಕಿಯ ಹತ್ತಿರ ಹೋದಳು. ಟೇಪಿನ ಮೂಲೆಗೆ ಉಗುರು ಹಾಕಿದಳು.

"ರೀ, ಈ ಟೇಪು..."

"ಯಾಕೆ, ಬಿಟ್ಕೊಂಡಿದ್ಯಾ? ಎಲ್ಲಿ?" ಅವನು ಕುರ್ಚಿಯಿಂದ ಎದ್ದೇಬಿಟ್ಟ. ಗಾಬರಿಯಿಂದ ಬಂದು, ಅವಳ ಕೈಯನ್ನು ಸರಿಸಿ, ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಕೂರಿಸಿದ. "ಇನ್ನೇನು ಕಡಿಮೆ ಆಗ್ಲೇಬೇಕು. ಆಗಿದೆ ಅಲ್ವೇನೇ? ನಂಗೆ ಗೊತ್ತಾಗಲ್ಲ, ನೀನು ಹೇಳ್ಬೇಕು. ವಾಸನೆ ಹೋಗಿದೆ ತಾನೆ?"

ಅವಳು ಉಸಿರನ್ನು ಒಳಗೆಳೆದುಕೊಂಡಳು. ಸುಳ್ಳು ಹೇಳಬೇಕಾದ ಪ್ರಸಂಗವೇ ಬರಲಿಲ್ಲ.

"ಹೂಂ. ನಂಗೇನೂ ಬರ್ತಿಲ್ಲ."

"ನೋಡಿದ್ಯಾ!" ಎಂದು ಅವನು ಸಿಳ್ಳೆ ಹಾಕುತ್ತ ಹೋದ. ಬಾಗಿಲಿನಿಂದ ತಿರುಗಿ ಕೇಳಿದ, "ಅಂಗಡಿಯವ್ರು ಏನಂದ್ರು?"

"ಅವಸರ ಇಲ್ಲ ಅಂದ್ರು."

ಅರ್ಧ ಹೊಲಿದ ಅಂಗಿ ಮಷೀನಿನ ಮೇಲೆ ಹಾಗೇ ಇತ್ತು. ಅದರ ಕೊರಳಪಟ್ಟಿಯ ಮೇಲೊಂದು ಹುಳು ಕೂತಿತ್ತು. ಅವಳು ಬಟ್ಟಲಿಗೆ ಕೈ ಹಾಕಲಿಲ್ಲ. ಹೆಬ್ಬೆರಳನ್ನು ಅದರ ಬೆನ್ನಿನ ಮೇಲಿಟ್ಟು, ಚಟ್ಟೆನ್ನುವವರೆಗೆ ಅದುಮಿದಳು. ಬಿಳಿ ಬಟ್ಟೆಯ ಮೇಲೆ ಕಂದು ಕಲೆ ಹರಡಿತು. ಬೆರಳನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಎಲ್ಲೋ ಬಹಳ ದೂರದಲ್ಲಿ, ಬೇರೆ ಯಾರದೋ ಮನೆಯಲ್ಲಿ ಸೊಪ್ಪು ಅರೆದಂತೆ ಏನೋ ಒಂದಿಷ್ಟು ಸುಳಿಯಿತು. ಆಮೇಲೆ ಅದೂ ಇಲ್ಲ.

ಬೆರಳನ್ನು ಅದೇ ಅಂಗಿಗೆ ಒರೆಸಿಕೊಂಡಳು. ಅಂಗಡಿಯಾಕೆ ಹೊಲಿಯಲು ಕೊಟ್ಟಿದ್ದ, ಇನ್ನೂ ಕತ್ತರಿಸದ ಬಟ್ಟೆಯ ಸುರುಳಿಯನ್ನು ಹಳೆಯ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ನಾಳೆ ಹಿಂತಿರುಗಿಸಲು ಮರೆಯದಂತೆ ಬಾಗಿಲ ಬಳಿ ಇಟ್ಟಳು. ಮಷೀನಿನ ತಲೆಯನ್ನು ಒಳಕ್ಕೆ ಮಡಚಿ ಮೇಲೆ ಹಲಗೆ ಮುಚ್ಚಿದಳು. ಬಟ್ಟಲಿನ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದಳು.

"ಮಷೀನ್ ಸದ್ದೇ ಇಲ್ಲ?" ಅವನು ಆಚೆಯಿಂದ ಕೇಳಿದ.

"ಸಾಕು ಇವತ್ತಿಗೆ."

ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ನೀಲಿ ಟೇಪಿನ ಮೇಲೆ ಹುಳುವೊಂದು ಅವಸರವಿಲ್ಲದೆ ನಡೆದಿತ್ತು. ಮೂಲೆಯವರೆಗೆ ಹೋಗಿ, ಮೀಸೆ ಆಡಿಸಿ, ತಿರುಗಿ ಇನ್ನೊಂದು ಅಂಚು ಹಿಡಿಯಿತು. ಅವಳು ಮುಚ್ಚಿದ ಮಷೀನಿನ ಮೇಲೆ ಮೊಣಕೈ ಊರಿ, ಅದು ಮತ್ತೆ ಮೊದಲಿನ ಮೂಲೆಗೆ ಬರುವುದನ್ನೇ ನೋಡುತ್ತ ಕೂತಳು.