ಸುಕ್ಕು ಬೀಳದ ಅಂಗಿ

ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ದಾಕ್ಷಾಯಣಮ್ಮನ ಇಸ್ತ್ರಿಗೆ ದೊಡ್ಡ ಹೆಸರಿತ್ತು. ಅಗಸರಿಗೆ ಬಟ್ಟೆ ಹಾಕುವ ಮನೆಯವರು ಕೂಡ ಮದುವೆ ಮುಂಜಿಗೆ ಹೊರಡುವ ಮುಂಚೆ ಒಂದು ಅಂಗಿ ಹಿಡಿದುಕೊಂಡು ಬಂದು, "ದಾಕ್ಷಾಯಣಮ್ಮಾರ, ಇದೊಂದರ ಮ್ಯಾಲ ನಿಮ್ಮ ಕೈ ಆಡಸ್ರಿ" ಎನ್ನುತ್ತಿದ್ದರು. ಆಕೆ ಅನ್ನದ ಗಂಜಿ ಬಸಿದು, ಬಟ್ಟೆಗೆ ಹಾಕಿ, ನೆರಳಲ್ಲಿ ಅರೆ ಒಣಗಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎಳೆದಳೆಂದರೆ ಹತ್ತಿಯ ಅಂಗಿ ಕಾಗದದ ಹಾಗೆ ನಿಲ್ಲುತ್ತಿತ್ತು.

ಆ ಕೈಯ ಕೆಲಸವೆಲ್ಲ ಮುಖ್ಯವಾಗಿ ಗಂಡ ಹಾಲಸಿದ್ದಪ್ಪನಿಗಾಗಿ. ಅವನು ಬೆಳೆಗೆ ಔಷಧಿ ಹೊಡೆಯುವ ಪಂಪುಗಳನ್ನು ಮಾರುವ ಏಜೆಂಟ್. ಸೋಮವಾರ ಬೆಳಿಗ್ಗೆ ಹೊರಟರೆ ಎರಡು ದಿನ ಕುರುಗೋಡು, ಆಮೇಲೆ ಸಿರುಗುಪ್ಪ, ತೆಕ್ಕಲಕೋಟೆ ತಿರುಗಿ ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಮಗಳನ್ನು ಹೊಸಪೇಟೆಗೆ ಕೊಟ್ಟ ಮೇಲೆ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ಭಾನುವಾರವಿಡೀ ದಾಕ್ಷಾಯಣಮ್ಮ ಆರು ಜೊತೆ ಅಂಗಿ, ಪ್ಯಾಂಟು, ಎರಡು ಪಂಚೆ, ಟವೆಲು, ಹಾಸಿಗೆ ಬಟ್ಟೆ ಎಲ್ಲವನ್ನೂ ಇಸ್ತ್ರಿ ಮಾಡಿ, ಮಡಿಕೆ ಮಡಿಕೆಗೂ ಪೇಪರಿಟ್ಟು ತಗಡಿನ ಟ್ರಂಕಿನಲ್ಲಿ ಜೋಡಿಸುತ್ತಿದ್ದಳು. ಸೋಮವಾರ ರಿಕ್ಷಾದವನು ಬಂದು ಟ್ರಂಕನ್ನು ಹೊತ್ತು ಬಸ್ ಸ್ಟ್ಯಾಂಡಿಗೆ ಮುಟ್ಟಿಸುತ್ತಿದ್ದ. ಊರೂರಿನ ರೈತರ ನಡುವೆ ತನ್ನ ಗಂಡ ಗೆರೆ ಕೊರೆದಂಥ ಪ್ಯಾಂಟಿನಲ್ಲಿ ನಿಂತಿರುತ್ತಾನೆಂದು ನೆನೆಸಿಕೊಂಡರೇ ಆಕೆಗೆ ಹೊಟ್ಟೆ ತುಂಬುತ್ತಿತ್ತು.

ಎಪ್ಪತ್ಮೂರನೆಯ ಇಸವಿಯ ಬೇಸಿಗೆಯಲ್ಲಿ ಒಂದು ಭಾನುವಾರ, ಟ್ರಂಕಿನಿಂದ ತೆಗೆದ ಬಟ್ಟೆಗಳನ್ನು ನೆನೆಹಾಕಲು ಕುಳಿತವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಂಗಿಯ ಕಾಲರಿನಲ್ಲಿ ಕೊಳೆಯಿಲ್ಲ. ಕಂಕುಳ ಹತ್ತಿರ ಮೂಸಿ ನೋಡಿದಳು. ಬೆವರಿನ ವಾಸನೆಯಿಲ್ಲ, ತಾನೇ ಹಾಕಿದ ಗಂಜಿಯ ವಾಸನೆ ಇನ್ನೂ ಇದೆ. ಆದರೆ ಬಟ್ಟೆಯೆಲ್ಲ ಮುದುಡಿತ್ತು. ಆ ಮುದುಡಿದ್ದಾದರೂ ಎಂಥದು! ಬಸ್ಸಿನಲ್ಲಿ ಕೂತು ಎದ್ದವನ ಪ್ಯಾಂಟಿಗೆ ಮೊಣಕಾಲ ಹಿಂದೆ ಸುಕ್ಕು ಬೀಳಬೇಕು, ಅಂಗಿಗೆ ಮೊಣಕೈ ಹತ್ತಿರ ಬೀಳಬೇಕು. ಇವುಗಳಿಗೆ ಒರೆಸುವ ಬಟ್ಟೆಯನ್ನು ಹಿಂಡಿದ ಹಾಗೆ ಎಲ್ಲಿ ಬೇಕಾದರಲ್ಲಿ ಸುಕ್ಕು. ಸುಕ್ಕು ಬಿಡಿಸುವುದರಲ್ಲೇ ಇಪ್ಪತ್ತೆರಡು ವರ್ಷ ಕಳೆದವಳಿಗೆ ಅದು ಮೈಮೇಲೆ ಬಿದ್ದ ಸುಕ್ಕಲ್ಲವೆಂದು ಗೊತ್ತಾಗದೆ ಇರುತ್ತದೆಯೆ?

ಬಾಯಿ ಬಿಡಲಿಲ್ಲ. ಇನ್ನೆರಡು ವಾರ ನೋಡಿದಳು. ಹಾಗೇ ಇತ್ತು. ಆರು ದಿನ ಊರ ಮೇಲಿರುವ ಗಂಡಸು ತಾನು ಕಟ್ಟಿಕೊಟ್ಟ ಬಟ್ಟೆ ಹಾಕುವುದಿಲ್ಲ ಅಂದರೆ ಮತ್ತೆ ಯಾವುದನ್ನು ಹಾಕುತ್ತಾನೆ? ಅದನ್ನು ಕೊಟ್ಟವರು ಯಾರು? ಒಗೆಯುವವರು ಯಾರು? ಒಲೆ ಮುಂದೆ ಕೂತರೂ ಅದೇ, ದೇವರ ಮುಂದೆ ಕೂತರೂ ಅದೇ.

ಉತ್ತರ ಪಕ್ಕದ ಮನೆಯ ಹುಲುಗಮ್ಮನ ಬಾಯಲ್ಲಿ ಬಂತು. ಅವಳ ಅಳಿಯ ಸಿರುಗುಪ್ಪದ ಕಡೆಯವನು.

"ನಮ್ಮ ಅಳಿಯ ನಿಮ್ಮನೀಯವರನ್ನ ನೋಡಿದ್ನಂತವಾ. ಬೂದಿ ಬಣ್ಣದ ಪ್ಯಾಂಟು, ತಿಳಿನೀಲಿ ಅಂಗಿ, ಕೈಯಾಗ ಒಂದ ಸಣ್ಣ ಚೀಲ. ಹತ್ತು ವರ್ಷ ಸಣ್ಣೋರು ಕಂಡ್ರಂತ. ಬಸ್ ಸ್ಟ್ಯಾಂಡ್ ಮುಂದ ಹೊನ್ನೂರಮ್ಮನ ಬಟ್ಟಿ ಅಂಗಡಿ ಐತಲ್ಲ, ಅಲ್ಲಿ ಕುಂತು ಚಾ ಕುಡೀತಿದ್ರಂತ. ಪಾಪ, ಆಕಿ ಗಂಡ ಸತ್ತು ಮೂರು ವರ್ಷ ಆತು."

"ಏಜೆಂಟ್ರಂದ ಮ್ಯಾಲ ನಾಕು ಅಂಗಡ್ಯಾಗ ಕುಂದ್ರತಾರ" ಎಂದಳು ದಾಕ್ಷಾಯಣಮ್ಮ. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡಳು. ತಿಳಿನೀಲಿ ಅಂಗಿ ಅವನ ಹತ್ತಿರ ಇರಲೇ ಇಲ್ಲ. ತಿಳಿನೀಲಿ ಬೇಗ ಮಾಸುತ್ತದೆಂದು ತಾನೇ ಕೊಡಿಸಿರಲಿಲ್ಲ. ಅದು ಅವನಿಗೆ ಒಪ್ಪುತ್ತದೆಂದು ಇನ್ನೊಬ್ಬಳಿಗೆ ಕಂಡಿತೆ?

ಮಂಗಳವಾರ ಅವನು ಕುರುಗೋಡಿನಲ್ಲಿರುತ್ತಾನೆಂದು ಗೊತ್ತಿತ್ತು. ಅದೇ ಮಂಗಳವಾರ ಬೆಳಿಗ್ಗೆ ದಾಕ್ಷಾಯಣಮ್ಮ ಮಗಳ ಮದುವೆಗೆ ತೆಗೆದಿದ್ದ ಇಳಕಲ್ ಸೀರೆ ಉಟ್ಟು, ತೆಕ್ಕಲಕೋಟೆಯ ಮೇಲೆ ಹೋಗುವ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೊರಟಳು. ಕಾಲುವೆ ನೀರಿನ ಗದ್ದೆಗಳು ಎರಡೂ ಕಡೆ ಹಸಿರಾಗಿದ್ದವು. ಆಕೆಯ ಕಣ್ಣಿಗೆ ಒಂದೂ ಬೀಳಲಿಲ್ಲ. ಹೊನ್ನೂರಮ್ಮ ಹೇಗಿರಬಹುದೆಂದು ದಾರಿಯುದ್ದಕ್ಕೂ ಬಗೆಬಗೆಯಾಗಿ ಕಲ್ಪಿಸಿಕೊಂಡಳು. ಪ್ರತಿ ಸಲವೂ ಅವಳು ಇನ್ನಷ್ಟು ಬೆಳ್ಳಗಾದಳು, ಇನ್ನಷ್ಟು ಎಳೆಯವಳಾದಳು.

ಅಂಗಡಿಯಲ್ಲಿ ಗಜದ ಕೋಲು ಹಿಡಿದು ನಿಂತಿದ್ದವಳು ನಲವತ್ತು ದಾಟಿದ ಕಪ್ಪು ಹೆಂಗಸು. ಮುಖದ ತುಂಬ ಸಿಡುಬಿನ ಕಲೆ, ಮಾತಿನ ತುಂಬ ನಗು. ದಾಕ್ಷಾಯಣಮ್ಮನಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಉರಿಯಿತು. ಚೆಲುವೆಯಾಗಿದ್ದರೆ ಇವನಿಗೆ ಕಣ್ಣು ಕೆಟ್ಟಿತೆಂದು ಬೈಯಬಹುದಿತ್ತು. ಇವಳ ಹತ್ತಿರ ಕೂತು ಚಹಾ ಕುಡಿಯುತ್ತಾನೆಂದರೆ ಕೆಟ್ಟದ್ದು ಕಣ್ಣಲ್ಲ, ಇನ್ನೇನೋ.

"ಬರ್ರಿ ಅಕ್ಕಾರ, ಕುಂದರ್ರಿ. ಏನು ಬೇಕಾಗಿತ್ತು?"

"ಗಂಡಸರ ಬಟ್ಟಿ. ಊರೂರು ತಿರಗೋರು. ಸಣ್ಣ ಚೀಲದಾಗ ಹಿಡೀಬೇಕು. ಇಸ್ತ್ರಿ…" ಆಕೆ ಸೆರಗು ಸರಿಮಾಡಿಕೊಂಡಳು. "ಇಸ್ತ್ರಿ ಇಲ್ಲದಿದ್ರೂ ನಡೀಬೇಕು."

"ಹಂಗಾದ್ರ ಇವನ್ನ ನೋಡ್ರಿ." ಹೊನ್ನೂರಮ್ಮ ಎರಡು ಥಾನು ಬಟ್ಟೆ ಎಳೆದು ಹಾಸಿದಳು. ಮೊದಲನೆಯದರ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಹತ್ತು ಎಣಿಸಿ, ಕೈಬಿಟ್ಟಳು. ಬಟ್ಟೆ ಏನೂ ಆಗದ ಹಾಗೆ ಹರಡಿಕೊಂಡಿತು. "ಇದು ಬರೀ ಟೆರಿಲಿನ್. ಸುಕ್ಕು ಬೀಳಂಗಿಲ್ಲ ಖರೆ, ಆದ್ರ ನಮ್ಮ ಬಿಸಲಾಗ ಮೈ ಬೆಂದು ಹೋಗ್ತೈತ್ರಿ. ಮಾರಿದ್ರ ನನಗ ಲಾಭ ಇದರಾಗ, ಆದ್ರ ನಾ ಇದನ್ನ ಕೊಡಂಗಿಲ್ಲ." ಎರಡನೆಯದನ್ನು ಹಿಡಿದು ಬಿಟ್ಟಳು. ತೆಳುವಾದ ಎರಡು ಗೆರೆ ಮೂಡಿ, ನೋಡುತ್ತಿದ್ದ ಹಾಗೇ ಮಾಸಿದವು. "ಇದು ಟೆರಿಕಾಟ್. ಹತ್ತಿ ಕೂಡೈತಿ. ಬೆವರು ಎಳಕೊಂತೈತಿ, ರಾತ್ರಿ ಒಗದು ಹಾಕಿದ್ರ ಮುಂಜಾನಿ ಹಾಕ್ಕೊಂಡು ಹೋಗಬಹುದು. ಎರಡು ಪ್ಯಾಂಟು, ಮೂರು ಅಂಗಿ ಸಾಕ್ರಿ, ತಿಂಗಳಗಟ್ಟಲೆ ತಿರಗಬಹುದು. ಪ್ಯಾಂಟಿನ ಬಣ್ಣ ಮೂರೂ ಅಂಗಿಗೆ ಹೊಂದಬೇಕು ಅಷ್ಟ. ಬೂದಿ ಬಣ್ಣ ಆದ್ರ ಬಸ್ಸಿನ ಧೂಳು ಕಾಣಂಗಿಲ್ಲ, ನಾಕು ಮಂದಿ ನಡುವ ಕುಂತ್ರೂ ಒಪ್ತೈತಿ."

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎನ್ನುವುದನ್ನೇ ದಾಕ್ಷಾಯಣಮ್ಮನಿಗೆ ತಡೆಯಲಾಗಲಿಲ್ಲ. ತಾನೂ ಬಟ್ಟೆಯ ತುದಿ ಹಿಡಿದು ಹಿಂಡಿದಳು. ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹಿಂಡಿದಳು. ಬಿಟ್ಟರೆ ಅದು ಆಕೆಯ ಮುಖ ನೋಡಿ ನಕ್ಕ ಹಾಗೆ ಬಿಚ್ಚಿಕೊಂಡಿತು.

"ಅಂಗಿಗೆ ಕಂದು ಬಣ್ಣದ್ದು ಕೊಡ್ರಿ" ಎಂದಳು. "ಕಪ್ಪು ಮೈಗೆ ತಿಳಿನೀಲಿ ಒಪ್ಪಂಗಿಲ್ಲ."

"ಒಪ್ತೈತ್ರಿ, ಆದ್ರ ನಿಮ್ಮ ಇಷ್ಟ. ಅಳತಿ ತಂದೀರೇನು?"

ಅಳತೆ ತರುವುದೆಂದರೇನು? ದಾಕ್ಷಾಯಣಮ್ಮ ಬಾಯಿಪಾಠ ಒಪ್ಪಿಸಿದಳು. ಕಾಲರು ಹದಿನೈದೂವರೆ, ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು. "ಮತ್ತ ಎಡಗೈ ತೋಳು ಬಲಗೈಗಿಂತ ಅರ್ಧ ಇಂಚು ಉದ್ದ ಇಡಬೇಕು."

ಮೂಲೆಯಲ್ಲಿ ಮಿಷನ್ ತುಳಿಯುತ್ತಿದ್ದ ಹೊನ್ನೂರಮ್ಮನ ತಮ್ಮ ಗಾದೆಪ್ಪ ಕಾಲು ನಿಲ್ಲಿಸಿದ. "ಅಕ್ಕಾ, ಎಡಗೈ ಅರ್ಧ ಇಂಚು ಉದ್ದ… ಇದು ಪಂಪಿನ ಹಾಲಸಿದ್ದಪ್ಪನೋರ ಅಳತಿ ಅಲ್ಲೇನು?" ಎಂದು ಪುಸ್ತಕ ಬಿಚ್ಚಿ ಹಾಳೆ ತಿರುವಿದ. "ನೋಡು, ಬರೆದಿಟ್ಟೀನಿ."

ಆ ಅರ್ಧ ಇಂಚು ಜಗತ್ತಿನಲ್ಲಿ ತನ್ನೊಬ್ಬಳಿಗೆ ಗೊತ್ತಿದೆ ಎಂದುಕೊಂಡಿದ್ದಳು ದಾಕ್ಷಾಯಣಮ್ಮ. ಅದು ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರು, ಎಣ್ಣೆ ಕಲೆಯ ಪುಸ್ತಕವೊಂದರಲ್ಲಿ ಬರೆದು ಬಿದ್ದಿತ್ತು. ಆಕೆ ಎದ್ದು ನಿಂತಳು.

ಹೊನ್ನೂರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಗು ಹೋಯಿತು. "ನೀವು ಬಳ್ಳಾರಿ ಅಕ್ಕಾರಲ್ಲೇನ್ರಿ? ಯಾಕ, ಅವರಿಗೆ ನೋವು ಜಾಸ್ತಿ ಆತೇನು?"

"ಯಾವ ನೋವು?"

ಗಾದೆಪ್ಪ ಪುಸ್ತಕ ಮುಚ್ಚಿದ. ಹೊನ್ನೂರಮ್ಮ ಆಕೆಯ ಕೈ ಹಿಡಿದು ಕೂರಿಸಿ ಎಲ್ಲ ಹೇಳಿದಳು. ನಾಲ್ಕು ತಿಂಗಳ ಹಿಂದೆ ಬಸ್ಸಿನ ಮೇಲಿಂದ ಟ್ರಂಕು ಇಳಿಸಿಕೊಳ್ಳುವಾಗ ಹಾಲಸಿದ್ದಪ್ಪ ತೊಡೆಸಂದು ಹಿಡಿದುಕೊಂಡು ಅಂಗಡಿಯ ಮುಂದೆಯೇ ಕುಸಿದು ಕೂತನಂತೆ. ಇವರು ಎತ್ತಿ ಒಳಗೆ ತಂದು, ಡಾಕ್ಟರನ್ನು ಕರೆಸಿದರಂತೆ. ಹರ್ನಿಯಾ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಭಾರ ಮುಟ್ಟಬಾರದು ಅಂದರಂತೆ ಡಾಕ್ಟರು.

"ನಾನ ಅಂದೆ, ಎರಡು ಜೊತಿ ಟೆರಿಕಾಟ್ ಹೊಲಿಸಿಕೊಳ್ರಿ, ಆ ಟ್ರಂಕು ಬಿಡ್ರಿ ಅಂತ. ಅವರು ಟ್ರಂಕು ತಗದು ತೋರಿಸಿದ್ರು ಅಕ್ಕಾರ. 'ನೋಡ್ರಿ, ಆಕಿ ಭಾನುವಾರ ಪೂರಾ ನಿಂತು ಮಾಡಿದ್ದು. ಇದು ಬ್ಯಾಡ ಅಂತ ಹೆಂಗನ್ನಲಿ' ಅಂದ್ರು. ಮೂರು ತಿಂಗಳು ಹಮಾಲರ ಕೈಲೆ ಹೊರಿಸಿದ್ರು, ಈಗೊಂದು ತಿಂಗಳಿಂದ ಟ್ರಂಕು ಬಳ್ಳಾರಿಯ ಪಂಪಿನ ಗೋಡೌನಿನಾಗ ಇಟ್ಟು ಬರ್ತಾರ. ಶನಿವಾರ ಅಲ್ಲೇ ಕುಂತು, ಹಾಕ್ಕೊಂಡಂಗ ಕಾಣ್ಲಿ ಅಂತ ಒಂದೊಂದ ಹಿಚುಕಿ ಇಡ್ತಾರಂತ." ಹೇಳುತ್ತ ಹೊನ್ನೂರಮ್ಮನಿಗೆ ಮತ್ತೆ ನಗು ಬಂತು.

ದಾಕ್ಷಾಯಣಮ್ಮ ನಗಲಿಲ್ಲ. ಬರುವಾಗ ಎದೆಯಲ್ಲಿದ್ದ ಸಂಶಯ ಕರಗಿತ್ತು ನಿಜ. ಆದರೆ ಅದರ ಜಾಗಕ್ಕೆ ಬಂದದ್ದು ಇನ್ನೂ ಚೂಪಾಗಿತ್ತು. ಗಂಡನ ನೋವು ಮೊದಲು ಗೊತ್ತಾಗಿದ್ದು ಇವಳಿಗೆ. ನೀರು ಕೊಟ್ಟವಳು ಇವಳು. ಹೆಂಡತಿಯಿಂದ ಮುಚ್ಚಿಟ್ಟ ಗುಟ್ಟನ್ನು ಅವನು ನಗುತ್ತ ಹೇಳಿಕೊಂಡದ್ದು ಇವಳ ಹತ್ತಿರ.

"ಇಷ್ಟೆಲ್ಲ ನಿಮಗ ಹೇಳ್ಯಾರ" ಎಂದಳು.

"ಕಂಡೋರ ಮುಂದ ಹೇಳೋದು ಹಗೂರ ಅಕ್ಕಾರ. ಮನಿಯೋರ ಮುಂದ ಕಷ್ಟ."

ಆ ಮಾತೂ ನಿಜವಾಗಿತ್ತು. ಅದಕ್ಕೇ ಅದನ್ನು ಆಡಿದವಳ ಮೇಲೆ ದಾಕ್ಷಾಯಣಮ್ಮನಿಗೆ ಸಿಟ್ಟು ಬಂತು.

ಬಸ್ ಸ್ಟ್ಯಾಂಡಿಗೆ ಬಂದವಳು ಬಳ್ಳಾರಿಗೆ ಹೋಗಲಿಲ್ಲ, ಕುರುಗೋಡಿಗೆ ಹೋದಳು. ಹಾಲಸಿದ್ದಪ್ಪ ಇಳಿದುಕೊಳ್ಳುತ್ತಿದ್ದುದು ಒಂದು ಖಾನಾವಳಿಯ ಹಿಂದಿನ ಕೋಣೆಯಲ್ಲಿ. ಬಾಗಿಲು ತೆಗೆದಿತ್ತು. ಅವನು ಬನಿಯನ್ನಿನಲ್ಲಿ ಮಂಚದ ಮೇಲೆ ಮೈ ಚಾಚಿದ್ದ. ಕಿಟಕಿಯ ಸರಳಿಗೆ ತಿಳಿನೀಲಿ ಅಂಗಿ ಒಣಗಲು ಹಾಕಿತ್ತು. ಹೆಂಡತಿಯನ್ನು ಕಂಡು ಗಡಬಡಿಸಿ ಏಳಹೋದವನು ತೊಡೆಸಂದು ಹಿಡಿದುಕೊಂಡು ಮತ್ತೆ ಕೂತ.

"ಏಳಬ್ಯಾಡ್ರಿ. ಸಿರುಗುಪ್ಪದಿಂದ ಬಂದೆ."

ಹಾಲಸಿದ್ದಪ್ಪ ಅಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ದಾಕ್ಷಾಯಣಿ, ನಾ ಹೇಳಬೇಕಂತಿದ್ದೆ…"

"ಆಕಿಗೆ ಹೇಳಾಕ ಬಾಯಿ ಬಂತು. ನನಗ ಹೇಳಾಕ ಯಾಕ ಬರ್ಲಿಲ್ಲ?"

"ಆಕಿಗೆ ನಾ ಹೇಳಲಿಲ್ಲ. ಆಕಿ ಕಣ್ಣ ಮುಂದ ಬಿದ್ದೆ. ನಿನ್ನ ಮುಂದ ಬಿದ್ದಿದ್ರ ನಿನಗ ಗೊತ್ತಾಗ್ತಿತ್ತು."

"ನಾಕು ತಿಂಗಳು ನನ್ನ ಮುಂದ ತಿರಗಿದ್ರಿ. ನೆಟ್ಟಗ ನಡೆದ್ರಿ, ನಕ್ರಿ. ನನ್ನ ಮುಂದ ಬೀಳಬಾರದು ಅಂತ ಹಟ ಹಿಡದ್ರಿ." ಆಕೆಯ ದನಿ ಒಡೆಯಿತು. "ನನಗ ಇಸ್ತ್ರಿ ಮುಖ್ಯ, ನೀವಲ್ಲ ಅಂತ ತಿಳ್ಕೊಂಡ್ರಿ ಅಲ್ಲ?"

ಹಾಲಸಿದ್ದಪ್ಪ ತಲೆ ತಗ್ಗಿಸಿದ. "ಊರಾಗ ಎಲ್ಲರೂ ನಿನ್ನ ಕೈ ಹೊಗಳ್ತಾರ. ಅದನ್ನ ಬ್ಯಾಡ ಅಂದ್ರ ನಿನಗೇನು ಉಳೀತೈತಿ ಅನ್ನಿಸ್ತು. ತಪ್ಪಾತು."

ದಾಕ್ಷಾಯಣಮ್ಮ ಕಣ್ಣೊರೆಸಿಕೊಂಡು ಅಂಗಿ ತೆಗೆದು ಅವನಿಗೆ ಕೊಟ್ಟಳು. ಹಾಕಿಕೊಂಡ. ತೊಯ್ದು ಒಣಗಿದ್ದು ಒಂದು ಸುಕ್ಕೂ ಇಲ್ಲದೆ ಮೈಗೆ ಕೂತಿತು. ಒಪ್ಪುತ್ತಿತ್ತು. ಬಹಳ ಒಪ್ಪುತ್ತಿತ್ತು. ಆಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಚೀಲವನ್ನು ತಾನೇ ಎತ್ತಿಕೊಂಡು, "ನಡೀರಿ, ಈಗಿಂದೀಗ ದವಾಖಾನಿಗೆ" ಎಂದಳು.

ಆ ವಾರವೇ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹತ್ತು ದಿನ ದಾಕ್ಷಾಯಣಮ್ಮ ಮಂಚದ ಪಕ್ಕದ ನೆಲ ಬಿಟ್ಟು ಅಲುಗಲಿಲ್ಲ. ನರ್ಸು ದಿಂಬು ಸರಿಮಾಡಲು ಬಂದರೂ, "ನಾ ಮಾಡ್ತೀನಿ ಬಿಡ್ರಿ" ಎನ್ನುತ್ತಿದ್ದಳು. ನೋವು ಎಲ್ಲಿ, ಎಷ್ಟು, ಯಾವಾಗ ಎಂದು ಗಂಟೆಗೊಮ್ಮೆ ಕೇಳಿ, ಮೊದಲು ತನಗೇ ಗೊತ್ತಾಗಬೇಕೆಂದು ಹಟ ಹಿಡಿದವಳಂತೆ ನೋಡಿಕೊಂಡಳು.

ಮನೆಗೆ ಬಂದ ನಾಲ್ಕನೆಯ ದಿನ ಬಾಗಿಲಲ್ಲಿ ಹೊನ್ನೂರಮ್ಮ ನಿಂತಿದ್ದಳು. ಅಂಗಡಿಗೆ ಮಾಲು ತರಲು ಬಳ್ಳಾರಿಗೆ ಬಂದವಳು ಒಂದು ಬುಟ್ಟಿ ಮೋಸಂಬಿ ಹಿಡಿದು ಬಂದಿದ್ದಳು.

"ಹೆಂಗದಾರ್ರಿ ಅಕ್ಕಾರ?"

"ಆರಾಮದಾರ. ಈಗ ಮಲಗ್ಯಾರ" ಎಂದಳು ದಾಕ್ಷಾಯಣಮ್ಮ. ಅದೇ ಹೊತ್ತಿಗೆ ಒಳಗಿನಿಂದ ಹಾಲಸಿದ್ದಪ್ಪ ಕೆಮ್ಮಿದ. ಹೊನ್ನೂರಮ್ಮನಿಗೂ ಕೇಳಿಸಿತು. ಕೇಳದವಳ ಹಾಗೆ ಬುಟ್ಟಿ ಕೆಳಗಿಟ್ಟು, "ಮಲಗಲಿ ಬಿಡ್ರಿ, ಎಬ್ಬಿಸಬ್ಯಾಡ್ರಿ. ಬರ್ತೀನಿ" ಎಂದು ತಿರುಗಿದಳು.

ಅವಳು ಮೆಟ್ಟಿಲು ಇಳಿಯುವವರೆಗೂ ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತಿದ್ದಳು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡ ಆ ಬೆನ್ನನ್ನು ನೋಡುತ್ತಿದ್ದ ಹಾಗೆ, ಅಂದು ಇವಳು ಅಲ್ಲಿರದಿದ್ದರೆ ಏನಾಗುತ್ತಿತ್ತೋ ಎಂಬುದು ಮೊದಲ ಸಲ ಹೊಳೆಯಿತು.

"ಹೊನ್ನೂರಮ್ಮಾರ, ಊಟದ ಹೊತ್ತಾಗೈತಿ. ರೊಟ್ಟಿ ಬಡೀತೀನಿ, ಉಂಡು ಹೋಗ್ರಿ."

ಹಾಲಸಿದ್ದಪ್ಪ ಎದ್ದು ಬಂದು ಗೋಡೆಗೆ ಒರಗಿ ಕೂತ. ಹೊನ್ನೂರಮ್ಮ ಅಂಗಡಿಯ ಮಾತು ಆಡಿದಳು, ಗಾದೆಪ್ಪ ಒಬ್ಬ ಸಾಹುಕಾರನ ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದ ಕತೆ ಹೇಳಿದಳು. ಹಾಲಸಿದ್ದಪ್ಪ ನಕ್ಕ ಒಂದೊಂದು ಸಲವೂ ದಾಕ್ಷಾಯಣಮ್ಮನ ರೊಟ್ಟಿಯ ಬಡಿತ ಜೋರಾಯಿತು. ಹಾಗೆಂದು ಬಡಿಸುವುದರಲ್ಲಿ ಕಡಿಮೆ ಮಾಡಲಿಲ್ಲ. ಬೇಡವೆಂದರೂ ಬೆಣ್ಣೆ ಹಾಕಿದಳು. ಮುಂದಿನ ಸಲ ಸಿರುಗುಪ್ಪಕ್ಕೆ ತಾನೇ ಬಂದು ಬಟ್ಟೆ ಆರಿಸುತ್ತೇನೆ, ಇವರ ಕೈಯಲ್ಲಿ ಕೊಟ್ಟು ಕಳಿಸಬೇಡಿ ಎಂದು ಎಲೆ ಎತ್ತುವ ಮುಂಚೆಯೇ ಹೇಳಿದಳು. ಹೊನ್ನೂರಮ್ಮ ಒಪ್ಪಿದಳು.

ರಿಕ್ಷಾ ಓಣಿ ದಾಟಿದ ಮೇಲೆ ಹಾಲಸಿದ್ದಪ್ಪ, "ಒಳ್ಳೇ ಹೆಣ್ಮಗಳು" ಎಂದ, ಹೆಂಡತಿಯ ಮುಖ ನೋಡದೆ.

"ಹೌದು, ಒಳ್ಳೆಯಾಕಿ" ಎಂದಳು ದಾಕ್ಷಾಯಣಮ್ಮ, ಮೋಸಂಬಿ ಸುಲಿಯುತ್ತ. "ಅದಕ್ಕ ನನಗ ಆಕಿ ಮ್ಯಾಲ ಹೊಟ್ಟಿಕಿಚ್ಚು. ಕೆಟ್ಟಾಕಿ ಆಗಿದ್ರ ಇಷ್ಟೊತ್ತಿಗೆ ಬೈದು ಹಗೂರ ಆಗಿರ್ತಿದ್ದೆ."

ಹಾಲಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು, "ನಗಿಸಬ್ಯಾಡ ಮಾರಾಯ್ತಿ, ಹೊಲಿಗಿ ಬಿಚ್ಚತಾವು" ಎಂದ.