ತಡಿ, ಕೊಡು

ಒರೆಸಿದರೂ ಹೋಗುವುದಿಲ್ಲ ಈ ಬಿಳಿ, ಹೆಬ್ಬೆರಳಿನಿಂದ ಒರೆಸಿದೆ, ವೇಲಿನ ತುದಿಯಿಂದ ಒರೆಸಿದೆ, ಫೋನಿನ ಗಾಜಿನ ಮೇಲಿನದಲ್ಲ ಅದು, ಚಿತ್ರದ ಒಳಗಿನದು — ಅಡ್ಡಕ್ಕೆ ಎಳೆದಂಥ ಮಸುಕು ಕಲೆ, ಅದರ ಹಿಂದೆ ಕಡ್ಡಿಗೆ ಕಟ್ಟಿದ ಹೊಗೆಸೊಪ್ಪು, ಹಳದಿಯೋ ಹಸಿರೋ ಕಂದುಬಣ್ಣವೋ ಹೇಳಲು ಬಾರದು, ಸೋಮವಾರದಿಂದ ಬಂದ ಚಿತ್ರಗಳೆಲ್ಲ ಹೀಗೇ, ಸೊಪ್ಪು ಬೇಯಿಸಿ ಹದಮಾಡುವ ಮನೆ, ಬ್ಯಾರನ್ನು, ಅದರ ಗೋಡೆಗೆ ನಾನೇ ಕೂರಿಸಿದ ಕ್ಯಾಮೆರಾಕ್ಕೆ ಧೂಳು ಹತ್ತಿರಬೇಕು, ಆವಿ ಇರಬೇಕು, ಬಸ್ಸು ಹುಣಸೂರು ದಾಟಿ ಹೊರಳಿದೆ, ಕಿಟಕಿಯ ಆಚೆ ತುದಿ ಮುರಿದ ಹೊಗೆಸೊಪ್ಪಿನ ಹೊಲ, ಒಂದು ಬ್ಯಾರನ್, ಇನ್ನೊಂದು ಬ್ಯಾರನ್, ಒಂದೊಂದರ ಕೊಳವೆಯಿಂದಲೂ ತೆಳು ಹೊಗೆ, ನಮ್ಮದರಲ್ಲಿ ಇವತ್ತು ಹೊಗೆ ಇಲ್ಲ, ನಮ್ಮದು ಬೆಂದು ಆರಿದೆ, ನಾನು ತಲುಪಿದ ಮೇಲೆ ಬಾಗಿಲು ತೆಗೆಯುತ್ತಾರೆ. ಕೆಟ್ಟಿದ್ದರೆ? ದೊಡ್ಡಪ್ಪ ಮೊದಲೇ ಹೇಳಿದ್ದಾರೆ, ಕೆಟ್ರೆ ನಿನ್ ವೈರು ನಿನ್ ಪೆಟ್ಟಿಗೆ ಎಲ್ಲಾ ಬಿಚ್ಚಿ ಬಸ್ಸಿಗೆ ಆಕ್ಬುಡ್ತೀನಿ ಕಣವ್ವ, ಆಮೇಲೆ ಬೇಜಾರ್ ಮಾಡ್ಕಬ್ಯಾಡ. ಬೇಜಾರಿನ ಮಾತಲ್ಲ ಅದು, ಊರಿನಲ್ಲಿ ಪುಟ್ಟಮಲ್ಲಪ್ಪನವರ, ಅಂದರೆ ನಮ್ಮ ದೊಡ್ಡಪ್ಪನ, ಬ್ಯಾರನ್ನಿಗೆ ಒಪ್ಪಿದ್ದು ಮಾತ್ರ ಉಳಿದವರಿಗೆ ಒಪ್ಪುತ್ತದೆ, ಮಧ್ಯಾಹ್ನ ಸುತ್ತಿನ ಬೆಳೆಗಾರರು ನೋಡಲು ಬರುತ್ತಾರೆ, ಅವರು ನೋಡುವುದು ಫೋನಿನಲ್ಲಿ ನಾನು ಮಾಡಿಕೊಟ್ಟ ಫಲಕವನ್ನಲ್ಲ, ಸೊಪ್ಪನ್ನು. ಬೆಳಿಗ್ಗೆ ಫೋನು ಮಾಡಿ ಹೇಗಿದೆ ದೊಡ್ಡಪ್ಪ ಎಂದೆ, ಬಾಗ್ಲು ತೆಗೆಯೋ ಗಂಟ ಸೊಪ್ಪಿನ ಮಾತು ಆಡ್ಬಾರ್ದು, ಗೊತ್ತಿಲ್ವಾ, ಬಾ ಸುಮ್ಕೆ. ಗೊತ್ತು, ನಮ್ಮ ಮನೆಯ ಕಟ್ಟಳೆ ಅದು, ಕೇಳಿದ್ದೇ ತಪ್ಪು.

ಆದರೂ ಹೆಮ್ಮೆ, ಇದನ್ನು ಒಪ್ಪಿಕೊಂಡುಬಿಡುತ್ತೇನೆ, ಈ ಬಸ್ಸಿನಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ — ಸೊಪ್ಪು ಕೆಟ್ಟಿರಲಿ ಬಿಡಲಿ, ಆ ಫಲಕ ಚೆನ್ನಾಗಿದೆ. ಮೊದಲು ಏನಿತ್ತು? ಬ್ಯಾರನ್ನಿನ ಶಾಖಮಾಪಕವನ್ನೂ ಒಲೆಗೆ ಗಾಳಿ ಊದುವ ಫ್ಯಾನನ್ನೂ, ಅವುಗಳ ಲೆಕ್ಕ ಓದಿ ಅವಕ್ಕೆ ಆಜ್ಞೆ ಕೊಡುವ ನಮ್ಮ ಕಂಪನಿಯ ಟೂಲ್ ಸರ್ವರಿಗೆ ಜೋಡಿಸಿದ್ದೆವು, ಫೋನಿನಲ್ಲಿರುವ ಎಐ ಸಹಾಯಕ ಸರ್ವರನ್ನು ಕೇಳಿ ತಿಳಿದುಕೊಂಡು ರೈತನಿಗೆ ಬರೆದು ಹೇಳುತ್ತಿತ್ತು, ಉದ್ದುದ್ದ, ಪುಟಗಟ್ಟಲೆ, ಗೌರವಾನ್ವಿತರೇ ಪ್ರಸ್ತುತ ತಾಪಮಾನವು ಎಂದು ಶುರು, ದೊಡ್ಡಮ್ಮ ಓದಿ ಅರ್ಧಕ್ಕೆ ಫೋನನ್ನು ಮಡಿಲಿಗೆ ಹಾಕಿಕೊಂಡು, ಇವನಿಗೆ ಬಾಯಿ ಐತೆ ಕಣ್ಣಿಲ್ಲ ಕಣೇ ಚಿನ್ನು, ಅಂದಳು. ಆ ಮಾತು ಹಿಡಿದುಕೊಂಡು ನಾನು ಹುಣಸೂರಿನ ಆಫೀಸಿಗೆ ಹೋದೆ, ಗೊಬ್ಬರದಂಗಡಿಯ ಮೇಲಿನ ಆ ಒಂದು ಕೋಣೆ, ಕೆಳಗಿಂದ ಯೂರಿಯಾ ವಾಸನೆ, ನಮ್ಮ ಮೇಲಧಿಕಾರಿ ಸುನೀಲ್‌ಕುಮಾರ್ ಎದುರು ಬಿಳಿ ಹಲಗೆಯ ಮೇಲೆ ಒಂದು ಚೌಕ ಬರೆದೆ. ಸಹಾಯಕ ಬರೆಯುವುದು ಬೇಡ, ಮಾತಿನ ನಡುವೆಯೇ ಈ ಫಲಕ ತೆರೆದುಕೊಳ್ಳಲಿ — ಮೇಲೆ ಸೊಪ್ಪಿನ ಚಿತ್ರ, ಅದರ ಕೆಳಗೆ ಏರುವ ಇಳಿಯುವ ಶಾಖದ ಗೆರೆ, ಕೊನೆಗೆ ಎರಡೇ ಗುಂಡಿ. ಸಹಾಯಕ ಬೇರೆ ಕಂಪನಿಯದು, ಇದು ಬೇರೆಯವರ ಗೋಡೆಯಲ್ಲಿ ನಾವು ಕೊರೆಯುವ ಕಿಂಡಿ ಸರ್, ತಾನಾಗಿ ಏನೂ ಮಾಡುವಂತಿಲ್ಲ, ಒತ್ತಿದ್ದನ್ನು ಸಹಾಯಕನಿಗೆ ದಾಟಿಸುತ್ತದೆ, ಸಹಾಯಕ ಸರ್ವರಿಗೆ, ಸರ್ವರ್ ಫ್ಯಾನಿಗೆ. ಕಿಂಡಿ ಎಂದು ಬಾಯಿಗೆ ಬಂದದ್ದು ಸುಮ್ಮನೆ ಬಂದದ್ದಲ್ಲ.

ಬ್ಯಾರನ್ನಿನ ಗೋಡೆಗೊಂದು ಗಾಜಿನ ಕಿಂಡಿ ಇರುತ್ತದೆ, ಒಳಗೆ ಅದರ ಎದುರಿಗೇ ಒಂದು ಕಡ್ಡಿ ಸೊಪ್ಪು ತೂಗುಹಾಕಿರುತ್ತಾರೆ, ನೋಡುವುದಕ್ಕೆಂದೇ, ಈಗ ನನ್ನ ಕ್ಯಾಮೆರಾವೂ ಹೊರಗಿನಿಂದ ಓರೆಯಾಗಿ ಆ ಗಾಜಿನ ಮೂಲಕವೇ ನೋಡುತ್ತದೆ, ಒಲೆ ಇರುವುದು ಹಿಂದಿನ ಗೋಡೆಗೆ, ಒಲೆಯ ಬಳಿ ಕೂತವನಿಗೆ ಸೊಪ್ಪು ಕಾಣದು, ಕಿಂಡಿಯ ಬಳಿ ನಿಂತವಳಿಗೆ ಬೆಂಕಿ ಕಾಣದು. ಆಯ್ತಾ? ಎಂದು ದೊಡ್ಡಪ್ಪ ಅಲ್ಲಿಂದ ಕೂಗುವುದು, ತಡಿ, ಎಂದು ದೊಡ್ಡಮ್ಮ ಇಲ್ಲಿಂದ, ಎಷ್ಟೋ ಸಲ ಅದೂ ಇಲ್ಲ, ಸೊಪ್ಪು ಹಣ್ಣಾದ ಮೇಲೆ, ಕೊಡು, ಎಂದರೆ ಅವರು ಕೊರಡು ತಳ್ಳಿ ಕಾವು ಏರಿಸುವುದು. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಇಬ್ಬರ ಮುಖಕ್ಕೂ ಸಾಲದ ಆ ಗಾಜಿನೊಳಗೆ ಅವಳು ನೋಡುತ್ತಿದ್ದಾಗ ಬೆಚ್ಚಗಿನ ಗೋಡೆಯ ವಾಸನೆ, ಹಣ್ಣಾಗುತ್ತಿರುವ ಸೊಪ್ಪಿನ ಜೇನಿನಂಥ ವಾಸನೆ, ಅವಳ ಹಣೆಯ ವಿಭೂತಿ ನನ್ನ ಹುಬ್ಬಿಗೆ ಉಜ್ಜಿ — ಮುಂದಿನ ಸೀಟಿನ ಮಗು ತಿರುಗಿ ನನ್ನನ್ನೇ ನೋಡುತ್ತಿದೆ, ನಾನು ನಗುತ್ತಿದ್ದೇನೆಂದು ಕಾಣುತ್ತದೆ. ಗುಂಡಿಗಳ ಮೇಲೆ ಅದನ್ನೇ ಬರೆದೆ, ತಡಿ, ಕೊಡು. ಸುನೀಲ್‌ಕುಮಾರ್, ಇದೇನ್ರೀ ಚಿನ್ಮಯಿ, ಮುಂದುವರಿಸಿ, ರದ್ದುಮಾಡಿ ಅಂತ ಹಾಕ್ಬೇಕು, ಕೊಡು ಅಂದ್ರೆ ಏನ್ ಕೊಡೋದು, ಹೆಣ್ಣಾ? ಅಂದು ತಾನೇ ನಕ್ಕರು. ನಗಲಿ. ಗುಂಡಿಯ ಅಳತೆಯನ್ನು ನಾನು ಬೆರಳಿನಿಂದ ತೆಗೆಯಲಿಲ್ಲ, ಮಣಿಗಂಟಿನಿಂದ ತೆಗೆದೆ, ಸೊಪ್ಪು ಮುರಿದ ಕೈಗೆ ಕಪ್ಪು ಅಂಟು ಹತ್ತಿರುತ್ತದೆ, ಮಣ್ಣು ಹಾಕಿ ತಿಕ್ಕಿದರೂ ಬಿಡದ ಅಂಟು, ಆ ಬೆರಳು ತಾಗಿದರೆ ಪರದೆ ತಬ್ಬಿಬ್ಬಾಗುತ್ತದೆ. ಕೊಡು ಎಂಬುದನ್ನು ಮುಟ್ಟಿದರೆ ಸಾಲದು, ಒತ್ತಿ ಹಿಡಿಯಬೇಕು, ಮರೆತು ತಾಗಿದ್ದಕ್ಕೆ ಬೆಂಕಿ ಏರಬಾರದು. ಬಿಸಿಲಿಗೆ ಬಣ್ಣ ಕಾಣದೆಂದು ಒಂದನ್ನು ಗುಂಡಗೆ ಮಾಡಿದೆ, ಇನ್ನೊಂದನ್ನು ಚೌಕ. ಮೊದಲ ಸಲ ಕೈಯಲ್ಲಿಟ್ಟಾಗ ದೊಡ್ಡಮ್ಮ ಎರಡೂ ಅಂಗೈ ತೋರಿಸಿ, ಇದ್ರಲ್ ಎಂಗ್ ಮುಟ್ಲೇ, ಅಂದಳು, ಮಣಿಗಂಟಿನಲ್ಲಿ ಒತ್ತು ಎಂದೆ, ಅವಳು ಬಾಗಿ ಮೂಗಿನಲ್ಲಿ ಒತ್ತಿದಳು, ಫ್ಯಾನು ಗುಂಯ್ ಎಂದಿತು, ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ, ಅಯ್ಯೋ ನೀಲಾಂಬಿಕಕ್ಕ ಮೂಗ್ನಲ್ಲೇ ಬ್ಯಾರನ್ ಬೇಯಿಸ್ತಾಳೆ ಬನ್ನಿ! ಎಂದು ಬಿದ್ದು ಬಿದ್ದು ನಕ್ಕರು. ಪರೀಕ್ಷೆ ಪಾಸಾಯಿತು ಎಂದು ಆಫೀಸಿಗೆ ಬರೆದುಕೊಟ್ಟೆ, ಮೂಗಿನ ವಿಷಯ ಬರೆಯಲಿಲ್ಲ.

ಜಗಳ ಬಂದದ್ದು ಗುಂಡಿಗಲ್ಲ, ಗುಂಡಿ ಒತ್ತದಿದ್ದರೆ ಏನು ಎಂಬುದಕ್ಕೆ. ಸಹಾಯಕ ಕೇಳುತ್ತದೆ, ಕಾವು ಏರಿಸಲಾ, ಯಾರೂ ಉತ್ತರಿಸುವುದಿಲ್ಲ, ಆಗ? ಸ್ವಲ್ಪ ಹೊತ್ತು ಕಾದು ಏರಿಸಿಬಿಡೋದು ಕಣ್ರೀ, ಯೂಸರ್ ಸುಮ್ನಿದ್ರೆ ಒಪ್ಪಿಗೆ ಅಂತ್ಲೇ ಲೆಕ್ಕ, ಎಲ್ಲಾ ಕಡೆ ಹಂಗೇ ಇರೋದು, ಸುನೀಲ್‌ಕುಮಾರ್ ಕೆ.ಆರ್. ನಗರದವರು, ಭತ್ತದ ನಾಡು, ಸೊಪ್ಪಿನ ಗಾಳಿ ತಿಳಿಯದು. ಇಲ್ಲ ಸರ್ ಎಂದೆ, ಜೀವವಿರುವ ಎಲೆ ಮಾತ್ರ ಹಳದಿಯಾಗಬಲ್ಲದು, ಕಾವು ಏರಿದರೆ ಎಲೆ ಸಾಯುತ್ತದೆ, ಸತ್ತ ಎಲೆ ಸಾಯುವಾಗ ಇದ್ದ ಬಣ್ಣದಲ್ಲೇ ನಿಲ್ಲುತ್ತದೆ, ಹಸಿರಾಗಿ ಸತ್ತರೆ ಯಾವ ಸರ್ವರೂ ಅದನ್ನು ಹಳದಿ ಮಾಡಲಾರದು. ತಡಮಾಡಿದ್ರೆ ಕಪ್ಪಾಗಲ್ವಾ? ಆಗುತ್ತದೆ, ಆದರೆ ನಿಧಾನಕ್ಕೆ, ಆ ನಿಧಾನದಲ್ಲಿ ಮನುಷ್ಯರು ಬಂದು ನೋಡಬಹುದು, ತಿದ್ದಲಾಗದ ತಪ್ಪಿಗಿಂತ ತಿದ್ದಬಹುದಾದ ತಪ್ಪಿನ ಕಡೆ ವಾಲಬೇಕು, ಸುಮ್ಮನಿದ್ದರೆ ತಡಿ ಎಂದೇ ಅರ್ಥ. ಕೆಮಿಸ್ಟ್ರಿ ಎಂಎಸ್ಸಿ ತಗೊಂಡು ಫ್ಯಾನ್ ಆಫ್ ಮಾಡೋಕ್ ಬಂದ್ರಿ, ಅಂದರು, ಆಮೇಲೆ, ನಿಮ್ ಮನೆ ಬ್ಯಾರನ್ನು, ನಿಮ್ ಜವಾಬ್ದಾರಿ. ಹೌದು, ನನ್ನದೇ. ಸುಮ್ಮನಿದ್ದರೆ ತಡಿ ಎಂಬ ಆ ಒಂದು ಸಾಲನ್ನು ಪ್ರೋಗ್ರಾಮಿಗೆ ನಾನೇ ಬರೆದೆ, ಓದಿ ನೋಡಿದೆ, ಮತ್ತೆ ಓದಿದೆ, ಒಂದು ಎಳೆಯೂ ತಪ್ಪದ ರಂಗೋಲಿಯಂತೆ ಕಂಡಿತು.

ಅದೇ ಸಾಲು ಸೋಮವಾರ ಎದ್ದು ನಿಂತಿತು. ಶಾಖದ ಗೆರೆ, ಪುಸ್ತಕದಲ್ಲಿದ್ದ ಹಾಗೆಯೇ, ಕಾವು ಏರಿಸುವ ಹಂತಕ್ಕೆ ಬಂದಿತ್ತು, ಸಹಾಯಕ ಕೇಳಿತು, ಫಲಕ ತೆರೆಯಿತು, ಉತ್ತರವಿಲ್ಲ, ಮತ್ತೆ ಕೇಳಿತು, ಉತ್ತರವಿಲ್ಲ, ಆಫೀಸಿನ ಪರದೆಯಲ್ಲಿ ನಾನು ನೋಡುತ್ತ ಕೂತಿದ್ದೇನೆ, ಬೆನ್ನ ಹಿಂದೆ ಸುನೀಲ್‌ಕುಮಾರ್ ಟೀ ಹೀರುವ ಸದ್ದು, ಫೋನ್ ಮಾಡ್ರೀ ನಿಮ್ ದೊಡ್ಡಮ್ಮಂಗೆ. ಮಾಡಲಿಲ್ಲ. ದೊಡ್ಡಪ್ಪ ಪಿರಿಯಾಪಟ್ಟಣಕ್ಕೆ ಹೋಗಿದ್ದಾರೆ ಎಂದು ಗೊತ್ತಿತ್ತು, ಅವಳೊಬ್ಬಳೇ ಎಂದು ಗೊತ್ತಿತ್ತು, ಆದರೆ ಕಿಂಡಿಯ ಬಳಿ ನಿಂತವಳ ಬದಲು ದೂರದಲ್ಲಿರುವವರು ಉತ್ತರ ಹೇಳಬಾರದು, ಹೇಳಿದರೆ ಕಿಂಡಿ ಯಾಕೆ. ಹಠ ಎನ್ನಲಿ. ಮಧ್ಯಾಹ್ನ ಕಳೆಯಿತು, ಸಂಜೆ ಬಿಸಿಲು ಗೊಬ್ಬರದ ಚೀಲಗಳ ಮೇಲೆ ಇಳಿಯಿತು, ಅಷ್ಟು ಹೊತ್ತೂ ಅಲ್ಲಿಂದ ಮೌನ, ಚಿತ್ರ ತರಿಸಿ ನೋಡಿದರೆ ಈ ಬಿಳಿ, ಸೊಪ್ಪು ತುಂಬುವ ಮೊದಲು ನಾನೇ ಕಿಂಡಿಯ ಗಾಜು ತೊಳೆದಿದ್ದೆ, ಎಲ್ಲಿಂದ ಬಂತು ಇದು, ಆಮೇಲೆ, ಕತ್ತಲಾಗುವ ಮುಂಚೆ, ಇದ್ದಕ್ಕಿದ್ದಂತೆ, ಕೊಡು. ಅವಳು ನೋಡುತ್ತ ಸುಮ್ಮನಿದ್ದಳೋ, ಫೋನನ್ನು ಮೂಟೆಯ ಮೇಲೆ ಮರೆತು ಹೊಲಕ್ಕೆ ಹೋಗಿದ್ದಳೋ? ಮರೆತಿದ್ದರೆ ಸೊಪ್ಪು ಹಣ್ಣು ಮೀರಿ ಕಪ್ಪಾಗಿದೆ, ನನ್ನ ಸಾಲು ಅವಳನ್ನು ಕಾಪಾಡಲಿಲ್ಲ, ಮುಳುಗಿಸಿತು. ಮೌನಕ್ಕೆ ನಾನು ಅರ್ಥ ಕೊಟ್ಟೆ, ಮೌನ ಯಾರದೆಂದು ತಿಳಿಯುವ ದಾರಿ ಮಾಡಲಿಲ್ಲ. ಬೆಟ್ಟದಪುರದ ಬೆಟ್ಟ ಕಂಡಿತು, ಅಷ್ಟೆತ್ತರದಲ್ಲಿ ದೇವಸ್ಥಾನ ಬೆಳ್ಳಗೆ ಚುಕ್ಕೆಯ ಹಾಗೆ, ಕಂಡಕ್ಟರ್ ಕೂಗುತ್ತಾನೆ, ಯಾರ‍್ರೀ ಸ್ಟಾಪು, ನಾನು, ನಾನು.

ಚಪ್ಪಲಿಗೆ ಕೆಮ್ಮಣ್ಣು ಮೆತ್ತುತ್ತದೆ, ಓಡುತ್ತಿದ್ದೇನೆಯೇ, ನಡೆಯಬೇಕು, ಎಂಎಸ್ಸಿ ಓದಿದವರು ಓಡಬಾರದು, ಬ್ಯಾರನ್ನಿನ ಮುಂದೆ ದೊಡ್ಡಪ್ಪ ಟವೆಲನ್ನು ತಲೆಗೆ ಸುತ್ತಿಕೊಂಡು ನಿಂತಿದ್ದಾರೆ, ಬಂದೇನವ್ವ, ಬಾ, ನೀನೇ ಮುಂದೆ ನಿಂತ್ಕೊ, ಅಗುಳಿ ಸರಿಯುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಮೊದಲು ವಾಸನೆ, ಕಣ್ಣಿಗಿಂತ ಮೊದಲು ಮೂಗಿಗೆ ತಿಳಿದುಬಿಟ್ಟಿತು, ಜೇನು, ಸುಟ್ಟದ್ದಲ್ಲ ಕೊಳೆತದ್ದಲ್ಲ, ಆಮೇಲೆ ಕತ್ತಲೊಳಗೆ ಬಿಸಿಲು ಬಿದ್ದು ಕೆಳಗಿನ ಸಾಲು, ಅದರ ಮೇಲಿನದು, ತಲೆ ಎತ್ತಿದಷ್ಟೂ, ಚಾವಣಿಯ ತನಕ, ನಿಂಬೆಯ ಹಳದಿ, ಎಲೆಯ ನರದವರೆಗೂ ಹಳದಿ, ಎಲ್ಲೂ ಹಸಿರಿಲ್ಲ, ಕಪ್ಪಿಲ್ಲ. ದೊಡ್ಡಪ್ಪ ಒಂದು ಎಲೆ ಹಿಡಿದು ಬೆಳಕಿಗೆ ತಿರುಗಿಸಿದರು, ಇನ್ನೊಂದು, ಆಮೇಲೆ ನನ್ನ ಕಡೆ ನೋಡದೆ, ಉಸ್ರು ಬುಡವ್ವ, ಸಾಯ್ಬ್ಯಾಡ, ಕೆಟ್ಟಿಲ್ಲ, ಸಂಜೆಗೆ ಇನ್ನೊಂದ್ ಕೊಯ್ಲು ತುಂಬ್ತೀವಿ, ನಿನ್ ಕಿಂಡಿ ಬಿಚ್ಕೊಂಡ್ ಓಗ್ಬುಟ್ಟೀಯ, ಇರ್ಲಿ ಅದು. ನನ್ನ ಕಿಂಡಿ. ಸುನೀಲ್‌ಕುಮಾರ್ ಸರ್, ಕೇಳಿಸಿತೇ. ಆದರೆ ಆ ಮೌನ, ಅದನ್ನು ಕೇಳಲೇಬೇಕು, ದೊಡ್ಡಮ್ಮ ಚಪ್ಪರದ ಕೆಳಗೆ ಸೊಪ್ಪು ಕಟ್ಟುತ್ತ ಕೂತಿದ್ದಾಳೆ, ಕೈ ಕಪ್ಪು ಅಂಟು, ಸೋಮ್ವಾರ ಅದು ಅಷ್ಟು ಸಲ ಕೇಳ್ತಲ್ಲ ದೊಡ್ಡಮ್ಮ, ತಡಿ ಅಂತ ಯಾಕೆ ಒತ್ಲಿಲ್ಲ ನೀನು, ಎಲ್ಲಿದ್ದೆ? ಅವಳು ತಲೆ ಎತ್ತಿ ನನ್ನನ್ನು ಪೆದ್ದಿಯಂತೆ ನೋಡಿದಳು, ಎಲ್ಲಿರ‍್ತೀನೇ, ಕಿಂಡೀ ತಾವೇ ಇದ್ದೆ, ಕೊಡು ಅನ್ನೋಕ್ ಮೂಗಾದ್ರೂ ಬೇಕು, ತಡಿ ಅನ್ನೋಕೆ ಸುಮ್ಕಿದ್ರೆ ಸಾಲ್ದಾ? ನಿಮ್ ದೊಡ್ಡಪ್ಪ ಕೂಗ್ದಾಗೆಲ್ಲಾ ನಾನ್ ಉತ್ರ ಕೊಡ್ತಿದ್ನಾ? ಹೆಂಗಸರು ನಗುತ್ತಾರೆ, ನಾನೂ, ನಗುತ್ತಲೇ ಗೋಡೆ ಬಳಸಿ ಕ್ಯಾಮೆರಾದ ಕಡೆ ಬರುತ್ತೇನೆ, ಸಂಜೆಯ ಕೊಯ್ಲಿಗೆ ಚಿತ್ರ ಸ್ಪಷ್ಟವಿರಬೇಕು, ವೇಲಿನ ತುದಿ ಮಡಚಿಕೊಂಡು, ಕ್ಯಾಮೆರಾದ ಕಣ್ಣಿಗೆ ಧೂಳಿಲ್ಲ, ಕಲೆ ಅಲ್ಲಿಲ್ಲ, ಕಿಂಡಿಯ ಗಾಜಿನ ಮೇಲಿದೆ, ಪಕ್ಕಕ್ಕೆ ಸರಿದು ನೋಡಿದರೆ ಅದು ಒಂದೇ ಕಲೆಯೂ ಅಲ್ಲ, ಒಂದರ ಮೇಲೊಂದು ಒತ್ತಿ ಒತ್ತಿ ಮಸುಕಾದದ್ದು, ನಾನು ಈಗ ಬಾಗಿದರೆ ನನ್ನ ಹಣೆಯೂ ಸರಿಯಾಗಿ ತಾಗುವ ಎತ್ತರದಲ್ಲಿ, ಒರೆಸಲು ಎತ್ತಿದ ಕೈ — ತಡಿ — ಮೂರು ಗೆರೆ, ಅಡ್ಡಡ್ಡ, ವಿಭೂತಿಯ ಬಿಳಿ, ಗಾಜಿನ ಮೇಲೆ ಮೂರು ಗೆರೆ