ಕಳ್ಳನಿದ್ದೆ

“ದೂರು ಬಂದೇ ಇಲ್ಲ” ಎಂದು ಟೈಲ್ಸ್ ಕಾರ್ಖಾನೆಯವರು ವಿಚಾರಣೆಯಲ್ಲಿ ಹೇಳಿದ್ದರು. ಬಂದಿತ್ತು ಎನ್ನುವುದಕ್ಕೆ ದೂಳು ಕುಡಿದು ಸತ್ತವನ ಹೆಂಡತಿ ನಾಳೆಯೊಳಗೆ ಪುರಾವೆ ತರಬೇಕಿತ್ತು. ಕಂಪ್ಯೂಟರ್ ರಿಪೇರಿಯ ಮೈದುನನನ್ನು ಕರೆಸಿದಳು.

“ಕಣ್ಣಾರೆ ಕಂಡಿದ್ದೀನಿ ಕಣೋ. ಇಲ್ಲೇ ಕೂತು ಬರೆದು, ಕಳಿಸೋ ಗುಂಡಿ ಒತ್ತಿದ್ರು.”

ಮನೆಯಿಂದಲೇ ಪಾಳಿಯ ಹಾಜರಿ ತುಂಬಲೆಂದು ಅಣ್ಣನ ಲ್ಯಾಪ್‌ಟಾಪಿಗೆ ಕಾರ್ಖಾನೆ ತನ್ನ ಸಿಸ್ಟಂ ಹಾಕಿಸಿತ್ತು. ಆ ಕಡೆ ಅವರ ಕಣ್ಣಿದೆ ಎಂದು ಅಣ್ಣ ಸ್ವಂತ ಬರವಣಿಗೆಗೆ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಂ ಕೂರಿಸಿಕೊಂಡಿದ್ದ.

“ನನ್ನೊಬ್ಬಳನ್ನೇ ಸಂಭಾಳಿಸೋಕೆ ಆಗ್ತಿರ್ಲಿಲ್ಲ, ಇದಕ್ಕೆ ಇಬ್ಬರನ್ನ ಕಟ್ಟಿದ್ರು ನಿಮ್ಮಣ್ಣ!” ಅತ್ತಿಗೆ ನಕ್ಕಳು. “ಪತ್ರ ಬರೆದ ಮಾರನೇ ದಿನ ಏನೋ ಅಪ್‌ಡೇಟ್ ಆಯ್ತು. ಅಲ್ಲಿಂದ ಅವರು ಬರೀತಿದ್ದ ಕಡೆ ತೆರೀಲೇ ಇಲ್ಲ. ನೀನು ಬಂದಾಗ ತೋರಿಸೋಣ ಅಂತಿದ್ರು.”

ಎಂಟು ತಿಂಗಳು ಅವನು ಬಂದಿರಲಿಲ್ಲ. ತಲೆಯೆತ್ತದೆ ಪೆನ್‌ಡ್ರೈವ್ ಚುಚ್ಚಿದ. ಯಾವ ಸಿಸ್ಟಂ ಬೇಕೆಂದು ಕೇಳುವ, ಅಪ್‌ಡೇಟ್ ನುಂಗಿದ್ದ ಆಯ್ಕೆಪಟ್ಟಿ ಅರ್ಧ ಗಂಟೆಯಲ್ಲಿ ಮರಳಿತು. ಲಿನಕ್ಸ್ ತೆರೆಯಿತು. ವೈಫೈ ಮಾತ್ರ ಇಲ್ಲ. ಮೇಲ್ ತೆರೆದ. ‘ಕಳಿಸಿದವು’ ಖಾಲಿ. ‘ಹೋಗಬೇಕಾದವು’ ಅನ್ನುವಲ್ಲಿ ಒಂದು.

“ಹೋಗಿಲ್ಲ ಅತ್ತಿಗೆ.”

“ಒತ್ತಿದ್ರಲ್ಲೋ!”

“ಒತ್ತಿದಾನೆ. ಕಾರ್ಖಾನೆ ಸಿಸ್ಟಂನ ಆರಿಸಿದ್ರೂ ಅದು ಪೂರ್ತಿ ಆರಲ್ಲ. ಕಳ್ಳನಿದ್ದೆ. ವೈಫೈನ ಮುಷ್ಟೀಲಿ ಹಿಡ್ಕೊಂಡೇ ಕಣ್ಮುಚ್ಚಿರುತ್ತೆ. ಈ ಲಿನಕ್ಸ್ ಕಡೆಗೆ ಬಿಟ್ಟುಕೊಟ್ಟೇ ಇಲ್ಲ.”

ಅವಳು ಕುರ್ಚಿ ಹಿಡಿದುಕೊಂಡಳು. “ದಿನಾ ನೋಟಿಸ್ ಬೋರ್ಡ್ ನೋಡ್ತಿದ್ರು ಕಣೋ. ಇವತ್ತು ಉತ್ತರ ಹಾಕ್ತಾರೆ, ನಾಳೆ ಹಾಕ್ತಾರೆ ಅಂತ... ಕೆಮ್ಕೊಂಡೇ ಕೆಲಸಕ್ಕೆ ಹೋಗ್ತಿದ್ರು.”

ಮೈದುನ ದನಿ ತಗ್ಗಿಸಿದ. “ಇದನ್ನ ಎಳೆದು ‘ಕಳಿಸಿದವು’ ಒಳಗೆ ಹಾಕಿಬಿಟ್ರೆ, ಆವತ್ತೇ ಹೋದ ಹಾಗೆ ಕಾಣುತ್ತೆ. ತಾರೀಖು ಹಳೇದೇ ಇದೆ.”

ಅವಳು ಪರದೆ ನೋಡಿದಳು. ಪರಿಹಾರ, ಬಾಡಿಗೆ ಮನೆ, ಮುಂದಿನ ಬದುಕು ಎಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು.

“ಬೇಡ. ಸುಳ್ಳು ಅವರ ಕಸುಬು. ಸಿಕ್ಕಿಬಿದ್ರೆ ಸತ್ತವರನ್ನ ಸುಳ್ಳುಗಾರ ಅಂತಾರೆ.” ಆಮೇಲೆ, “ಏನ್ ಬರ್ದಿದಾರೆ ಓದು” ಎಂದಳು.

“ಮಾನ್ಯರೇ, ಅರೆಯುವ ವಿಭಾಗದಲ್ಲಿ ನಾವು ಇಪ್ಪತ್ತೆರಡು ಜನರಿದ್ದೇವೆ. ಬಟ್ಟೆ ಕಟ್ಟಿಕೊಂಡರೂ ದೂಳು ಒಳಗೆ ಹೋಗುತ್ತದೆ. ದಯವಿಟ್ಟು ಇಪ್ಪತ್ತೆರಡು ಮಾಸ್ಕ್ ಕೊಡಿಸಬೇಕು.”

ಅಷ್ಟೇ. ಬೆಟ್ಟ ಅರೆಯುವ ಕಾರ್ಖಾನೆಯನ್ನು ಒಬ್ಬ ಮನುಷ್ಯ ‘ದಯವಿಟ್ಟು’ ಎಂದು ಕೇಳಿದ್ದ.

“ಕಳಿಸು” ಎಂದಳು ಅತ್ತಿಗೆ.

“ಈಗ ಕಳಿಸಿದ್ರೆ ಇವತ್ತು ಬಂತು ಅಂತ ಅವರಲ್ಲಿ ದಾಖಲಾಗುತ್ತೆ. ಕೇಸು ನಿಲ್ಲಲ್ಲ.”

“ಗೊತ್ತು. ಮಿಕ್ಕವರು ಇನ್ನೂ ಅಲ್ಲೇ ಉಸಿರಾಡ್ತಿದಾರಲ್ಲ.”

ಅವನು ಕಾರ್ಖಾನೆಯ ಸಿಸ್ಟಂಗೆ ಹೋಗಿ ಕಳ್ಳನಿದ್ದೆಯ ಸೆಟ್ಟಿಂಗ್ ತೆಗೆದ, ಪೂರ್ತಿ ಆರಿಸಿದ, ಲಿನಕ್ಸಿಗೆ ಮರಳಿದ. ವೈಫೈ ಬಂತು. ಗುಂಡಿಯ ಮೇಲೆ ಬೆರಳಿಟ್ಟು ಕೇಳಿದ: “ಇಪ್ಪತ್ತೊಂದು ಅಂತ ತಿದ್ದಲಾ?”

“ಬೇಡ. ಅವರ ಜಾಗಕ್ಕೆ ಆಗ್ಲೇ ಬೇರೊಬ್ಬನನ್ನ ತಗೊಂಡಿದಾರೆ.”

ಅವನು ಒತ್ತಿದ.